ಎತ್ತರದ ಕುರ್ಚಿ

ಇದೊಂದು ಕೇಳಿಯೇ ಮುಂದೆ ಹೋಗಿ. ಮಣಿಪಾಲದ ಫಿಸಿಯೋಥೆರಪಿ ಕೋಣೆಯ ಹೊರಗೆ ಮನೀಶ್ ತನ್ನ ಸರದಿಗೆ ಕಾಯುತ್ತಿದ್ದ. ಪಕ್ಕದಲ್ಲಿ ಕಟಪಾಡಿಯಲ್ಲಿ ಮೀನು ಮಾರುವ ಅಪ್ಪಿಯಕ್ಕ, ಕಟ್ಟಡ ಕೆಲಸದ ರೇಣುಕವ್ವ. ಇಬ್ಬರಿಗೂ ಮೊಣಕಾಲಿನ ಮುಂದೆ, ಚಿಪ್ಪಿನ ಸುತ್ತ ನೋವು. ಮಾತು ಕಿವಿಗೆ ಬಿದ್ದದ್ದೇ ಮನೀಶ್ ಮೊಬೈಲ್ ಕೆಳಗಿಟ್ಟ.

"ಅಕ್ಕಾರ, ನೋವು ಕಡಿಮಿ ಆತೇನ್ರಿ?" ರೇಣುಕವ್ವ ಕೇಳಿದರು.

"ಆಗಿದೆ ಮಾರಾಯ್ತಿ. ಮಂಡಿ ಮಡಚಿ ಕೆಳಗೆ ಕೂರ್ಬೇಡಿ, ಎತ್ತರದ ಕುರ್ಚಿಯಲ್ಲಿ ಕಾಲು ಚಾಚಿ ಕೂರಿ ಅಂದ್ರು. ಹಾಗೇ ಮಾಡಿದೆ."

"ಮಾರ್ಕೆಟ್ಟಿನ್ಯಾಗ ರಾಣಿ ಹಂಗ ಕುಂತೀರಿ ಬಿಡ್ರಿ!"

"ಎಂತ ರಾಣಿ? ಉಳಿದವರೆಲ್ಲ ಕೆಳಗೆ ಮಣೆಯಲ್ಲಿ, ಭುಜಕ್ಕೆ ಭುಜ ತಾಗಿಸಿ ಕೂತು ಮಾತಾಡ್ತಾರೆ. ನನಗೆ ಅವರ ತಲೆ ಮಾತ್ರ ಕಾಣ್ತದೆ. ನಗ್ತಾರೆ, ಎಂತಕ್ಕೆ ಅಂತ ಗೊತ್ತಾಗುದಿಲ್ಲ."

"ಕೇಳ್ಬೇಕ್ರಿ."

"ಕೇಳುವಷ್ಟರಲ್ಲಿ ನಗು ಮುಗಿದಿರ್ತದೆ."

"ಮನ್ಯಾಗ ಯಾರದಾರ್ರಿ?"

"ನಾನೊಬ್ಬಳೇ. ದಿನದ ಮಾತೆಲ್ಲ ಮಾರ್ಕೆಟ್ಟಿನಲ್ಲೇ ಇದ್ದದ್ದು, ಅಲ್ವಾ? ನಾಳೆಯಿಂದ ಪುನಃ ಮಣೆಯಲ್ಲೇ ಕೂರ್ತೇನೆ."

"ಮತ್ತ ನೋವು ಬರ್ತೈತ್ರಿ."

"ಬರ್ತದೆ. ಅದನ್ನೇ ಇವತ್ತು ಒಳಗೆ ಹೇಳ್ಬೇಕು."

"ಬೈತಾರ್ರಿ!"

"ಬೈಯಲಿ. ಅದೂ ಮಾತೇ ಅಲ್ವಾ?"

ಅಷ್ಟರಲ್ಲಿ ಒಳಗಿನಿಂದ ಅಪ್ಪಿಯಕ್ಕನ ಹೆಸರು ಕರೆದರು. ಅವರು ಯಾವುದನ್ನೂ ಹಿಡಿಯದೆ ಸಲೀಸಾಗಿ ಎದ್ದು ನಡೆದದ್ದನ್ನು ಮನೀಶ್ ಕಣ್ಣಾರೆ ಕಂಡ. ಬಾಗಿಲು ಮುಚ್ಚಿತು.

ನೀವಾಗಿದ್ದರೆ ನಾಳೆ ಎಲ್ಲಿ ಕೂರುತ್ತಿದ್ದಿರಿ?