ಮಗ್ಗ ಕಲಿಸಲು ಕಸ್ತೂರೆವ್ವನ ಷರತ್ತು

ಸಂಜೆ ರಬಕವಿ ಬಸ್‌ಸ್ಟ್ಯಾಂಡಿನಲ್ಲಿ ಲೋಕಾಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರೊಬ್ಬರು ಕೂತಿದ್ದರು. ಒಬ್ಬ ಅಜ್ಜಿ ನೇರವಾಗಿ ಬಂದು ಅವರ ಎದುರು ನಿಂತರು.

“ಬರ್ರಿ ಕಸ್ತೂರೆವ್ವಾರ. ಶನಿವಾರ ಸಾಲಿಗೆ ಬರ್ತೀರಲ್ರಿ, ಹುಡುಗ್ಯಾರಿಗೆ ಸೀರಿ ನೇಯೋದು ಕಲಸಾಕ?”

“ಹುಡುಗ್ಯಾರಿಗಷ್ಟ ಯಾಕ್ರಿ ಗೌರೀಶ ಮಾಸ್ತರ?”

“ಹುಡುಗರಿಗೆ ಆ ಹೊತ್ತಿಗೆ ಕಬಡ್ಡಿ ಐತ್ರಿ.”

“ನನಗ ಮಗ್ಗ ಕಲಿಸಿದಾವ ನನ್ನ ಗಂಡ. ಅಂವ ಗಂಡಸಲ್ಲೇನ್ರಿ?”

ಮಾಸ್ತರು ನಕ್ಕರು. ಅಜ್ಜಿ ನಗಲಿಲ್ಲ.

“ಎಲ್ಲಾರೂ ಮಗ್ಗಕ್ಕ ಕೂಡಬೇಕು, ಎಲ್ಲಾರೂ ಕಬಡ್ಡಿ ಆಡಬೇಕು. ಹಂಗಾದ್ರ ಬರ್ತೀನಿ, ಇಲ್ಲಂದ್ರ ಇಲ್ಲ.”

“ಹುಡುಗ್ಯಾರು ಮಣ್ಣಾಗ ಬಿದ್ದು ಆಡಿದ್ರ ಮನ್ಯಾಗ ಬೈತಾರ್ರೀ.”

“ಬೈಯವ್ರನ್ನ ನನ್ನ ಕಡೆ ಕಳಸ್ರಿ. ಅವರ ಮದುವಿ ಸೀರಿ ನೇಯ್ದಾಕಿ ನಾನು. ನನ್ನ ಮಾತು ಕೇಳ್ತಾರ.”

ಮಾಸ್ತರು ಚೀಲದಿಂದ ಆಟದ ಪಟ್ಟಿ ತೆಗೆದರು.

“ಆತ್ರಿ. ಯಾರ್‍ಯಾರು ಆಡ್ತಾರ ಅಂತ ನಾಳೆ ಹುಡುಗ್ಯಾರನ್ನ ಕೇಳಿ ಬರ್ಕೋತೀನಿ.”

“ಪ್ರೀತಿ ಹೆಸರು ಈಗ ಬರೀರಿ.”

“ನಿಮ್ಮ ಮೊಮ್ಮಗಳ್ದಾ? ಆಕಿನ್ನ ಕೇಳೀರೇನ್ರಿ?”

“ಆಕೀನ ನನ್ನ ಕೇಳ್ಯಾಳ್ರಿ. ಕಬಡ್ಡಿ ಇಲ್ಲಂತ ಎರಡು ದಿನದಿಂದ ಅಳಾಕತ್ತಾಳ. ಅದಕ್ಕ ನಿಮ್ಮ ಬಸ್ಸಿನ ವ್ಯಾಳ್ಯಾ ನೋಡ್ಕೊಂಡು ಬಂದೀನಿ. ನಾ ಯಾವ ಊರಿಗೂ ಹೊಂಟಿಲ್ರಿ.”

ಅಷ್ಟರಲ್ಲಿ ಬಸ್ಸು ಬಂತು. ಮಾಸ್ತರು ಎದ್ದರು, ಅಜ್ಜಿ ದಾರಿ ಬಿಡಲಿಲ್ಲ. ಮಾಸ್ತರು ಚೀಲದ ಮೇಲೆ ಹಾಳೆ ಇಟ್ಟು, ನಿಂತಲ್ಲೇ ಹೆಸರು ಬರೆದು ತೋರಿಸಿದರು.

“ಓದಿ ಹೇಳ್ರಿ,” ಎಂದರು ಅಜ್ಜಿ.

“ಪ್ರೀತಿ, ಐದನೇ ಇಯತ್ತೆ, ಕಬಡ್ಡಿ.”

“ಶನಿವಾರ ಬರ್ತೀನ್ರಿ,” ಎಂದು ಅಜ್ಜಿ ಸೆರಗು ಸರಿಮಾಡಿಕೊಂಡು ಮನೆಯ ಕಡೆ ಹೊರಟರು.