ಅಂಗಳ ದಾಟದ ಪಿಕಪ್

ಅಯ್ಯೋ, ಟೂಲ್ಸ್ ಬ್ಯಾಗ್ ಬಿಚ್ಬೇಡ ಇರಪ್ಪ ಬೆಟ್ಟಸ್ವಾಮಿ! ಬಂದೋನು ಬಂದಂಗೇ ಬಾನೆಟ್ ಎತ್ತಿ ತಲೆ ಒಳಗಿಟ್ರೆ ಹೆಂಗೆ? ಮೊದ್ಲು ಟೀ ಕುಡಿ. ಚಂದ್ರು ಸ್ನಾನಕ್ಕೆ ಹೋಗವ್ನೆ. ಅವ್ನು ಬರೋದ್ರೊಳ್ಗೆ ನಿನ್ಹತ್ರ ಒಂದ್ ಮಾತು ಆಡ್ಬೇಕು... ಸ್ವಲ್ಪ ಮೆಲ್ಲಗೆ. ಬಚ್ಚಲುಮನೆ ಕಿಟಕಿ ಈ ಕಡೇಗೇ ಇರೋದು.

ನೋಡು, ಅವ್ನು ಕೇಳ್ದಾಗ ಹೇಳ್ಬುಡು. ಈ ಪಿಕಪ್ ಕತೆ ಮುಗೀತು, ಇಂಜಿನ್ ಹೋಗ್ಬುಟ್ಟದೆ, ಗುಜರಿಗೆ ಹಾಕ್ಬುಡು ಅಂತ. ಮೆಕ್ಯಾನಿಕ್ ಬಾಯಲ್ಲಿ ಬಂದ್ರೆ ನಂಬ್ತಾನೆ. ಅಮ್ಮನ ಮಾತು ಎಲ್ ಕೇಳ್ತಾನೆ? ವಸಂತನರಸಾಪುರದಲ್ಲಿ ಯಾವ್ದೋ ಕಂಪನಿಯೋರು ಇವತ್ತಿಂದ ಬಾಡಿಗೆಗೆ ಬಾ ಅಂದವ್ರಂತೆ. ದಿನಾ ಹೈವೇಲಿ ಓಡಾಟ! ಹೊರಡೋಕೆ ಮುಂಚೆ ಒಂದ್ಸಲ ಗಾಡಿ ನೋಡ್ಲಿ ಅಂತ ನಿಂಗೆ ಫೋನ್ ಮಾಡವ್ನೆ. ಎದ್ದಾಗ್ನಿಂದ ಕುಣೀತಾವ್ನೆ...

ಯಾಕ್ ನಗ್ತೀಯಾ? ನಗೋ ಮಾತಾ ಇದು?

ಇಂಜಿನ್ ಚೆನ್ನಾಗೇ ಅದೆ ಅಂತೀಯ. ಚೆನ್ನಾಗಿದ್ರೆ ಯಾಕಪ್ಪ ಮೂಲೆ ಹಿಡಿಯುತ್ತೆ? ನೀನು ಬರ್ತೀಯ, ರಿಪೇರಿ ಮಾಡ್ತೀಯ, ಸ್ಟಾರ್ಟ್ ಆಗುತ್ತೆ. ನೀನು ಬೈಕ್ ಹತ್ತಿ ಗುಬ್ಬಿ ಸೇರೋದೇ ತಡ, ಮತ್ತೆ ಹೊಗೆ ಉಗುಳ್ಬುಟ್ಟು ಸುಮ್ನಾಗೋಯ್ತದೆ. ಡೀಸೆಲ್ ಫಿಲ್ಟರ್ ಬದಲಾಯ್ಸ್ದೆ, ಬ್ಯಾಟರಿ ಬದಲಾಯ್ಸ್ದೆ. ಪಂಪ್ ಬಿಚ್ಕೊಂಡು ತುಮಕೂರಿಗೂ ಹೋಗ್ಬಂದೆ, ಸತ್ಯಮಂಗಲದಲ್ಲಿ ಯಾರಿಗೋ ತೋರಿಸ್ದೆ. ಏನಾರ ಸಿಕ್ತಾ? ಸಿಕ್ಕಲ್ಲ ಕಣಪ್ಪ. ಅದು ಸ್ಪ್ಯಾನರಿಗೆ ಸಿಕ್ಕೋ ಥರದ್ದಲ್ಲ.

ಅವರು ಹಿಡ್ಕೊಂಡವ್ರೆ.

ಅವರು ಅಂದ್ರೆ ಇನ್ಯಾರು? ಚಂದ್ರು ಅಪ್ಪ. ನಮ್ ಯಜಮಾನ್ರು.

ಹ್ಞೂಂ, ನಗು, ನಗು. ಹೋದ್ವರ್ಷ ಕುಣಿಗಲ್ ಕೆರೆ ಹತ್ರ ಈ ಹಾಳಾದ್ದು ನಿಂತೋದಾಗ ಯಾರಿಗಾದ್ರೂ ನಗು ಬಂತಾ? ಪಾಪ, ಇಳ್ದು ಬಾನೆಟ್ ಎತ್ತಿ, ರಸ್ತೆ ಕಡೆ ನಿಂತು ಆ ಡೀಸೆಲ್ ಕೈಪಂಪ್ ಒತ್ತುತಾ ಇದ್ರು, ಅಷ್ಟೇ. ಹಿಂದಿಂದ ಬಂದ ಲಾರಿ ಅವರೊಬ್ಬರ್ನೇ ಸವರ್ಕೊಂಡು ಹೋಯ್ತು. ಗಾಡಿ ಮೇಲೆ ಒಂದು ಗೀರಿಲ್ಲ! ಒಂದ್ ಗೀರಿಲ್ಲ ಬೆಟ್ಟಸ್ವಾಮಿ! ಅದನ್ ನೋಡಿದ್ರೆ ಈಗ್ಲೂ ನನ್ ಹೊಟ್ಟೆ ಉರಿಯುತ್ತೆ.

ಮಧ್ಯಾಹ್ನ ಊರೆಲ್ಲ ಮಲಗಿರುತ್ತಲ್ಲ, ಆಗ ನಾನು ಜಗಲಿ ಮೇಲೆ ಕೂತು ಪೊರಕೆಗೆ ತೆಂಗಿನ ಗರಿ ಸೀಳ್ತಿರ್ತೀನಿ. ಪಚಕ್... ಪಚಕ್... ಅಂತ ಸದ್ದು ಶುರುವಾಗುತ್ತೆ. ಆ ಸದ್ದು ನಂಗೊತ್ತಿಲ್ವಾ? ಅವರು ಬಗ್ಗಿ ಪಂಪ್ ಒತ್ತೋರು, ನಾನು ಸೀಟಲ್ಲಿ ಕೂತು ಕೀ ತಿರುಗ್ಸೋಳು. "ಈಗ ಹೊಡಿಯೇ ಸರ್ವಮಂಗಳಾ ಸೆಲ್ಫು!" ಅಂತ ಕೂಗೋರು. ಎದ್ದೋಗಿ ನೋಡಿದ್ರೆ ಯಾರೂ ಇರಲ್ಲ. ಬಾನೆಟ್ ಮುಟ್ಟಿದ್ರೆ ಬಿಸಿ.

ಬಿಸ್ಲಿಗೆ ಅಲ್ಲ ಕಣೋ! ಹುಣಸೆಮರದ ನೆರಳಲ್ಲಿ ನಿಂತಿರೋದು ಇದು.

ಲಿಂಬೆಹಣ್ಣು ಕಟ್ಟಿಸ್ದೆ. ಕುಂಬಳಕಾಯಿ ಒಡೆಸ್ದೆ. ಚಂದ್ರುಗೂ ಹೇಳ್ದೆ, ನೀನು ಇದನ್ ಓಡ್ಸೋದು ಅಪ್ಪಂಗೆ ಇಷ್ಟ ಇಲ್ಲ ಕಣೋ ಅಂತ. ಅವ್ನು ಅಂತಾನೆ, "ಅಪ್ಪ ಇದ್ದಿದ್ರೆ ಅವರೇ ಕೀ ಕೊಟ್ಟು ಕಳ್ಸೋರು ಬುಡಮ್ಮ." ಏನ್ ಹೇಳ್ಲಿ ಇವ್ನಿಗೆ?

ಯಾಕೆ, ಲೋಟ ಇಟ್ಬುಟ್ಟೆ? ಬೆಲ್ಲ ಜಾಸ್ತಿ ಆಯ್ತಾ?... ಏನ್ ತೋರಿಸ್ತಿದ್ದೀಯಾ ಅಲ್ಲಿ?

ಯಾವ ಗೆರೆ?

ಓ... ಬಿಳೀ ಪೇಂಟಿಂದು. ನೀನೇ ಎಳೆದಿದ್ದಾ? ಡೀಸೆಲ್ ಪೈಪಿನ ನಟ್ ಬಿಗಿ ಮಾಡಿದ್ಮೇಲೆ, ನಟ್ ಮೇಲಿಂದ ಪಕ್ಕದ ಕಬ್ಬಿಣಕ್ಕೆ ಒಂದೇ ಗೆರೆ... ಹಂಗಾ. ಈಗ ಅದು ತುಂಡಾಗಿ ಒಂದ್ಕಡೆ ಅರ್ಧ, ಇನ್ನೊಂದ್ಕಡೆ ಅರ್ಧ. ಅದಕ್ಕೇನೀಗ? ಅದುರಿ ಅದುರಿ ಸಡಿಲ ಆಗಿರುತ್ತೆ.

ನಿಂತಿರೋ ಗಾಡಿ ಅದುರಲ್ಲ. ಹ್ಞೂಂ... ಹೌದು. ಅದೂ ಸರಿನೇ.

ಹಂಗೆ ನೋಡ್ಬೇಡ್ವೋ. ನಾನೇನ್ ಕಳ್ಳಿನಾ? ಹೌದು, ನಾನೇ! ಅವರ ಹದಿನೇಳ್ರ ಸ್ಪ್ಯಾನರ್ ತಗೊಂಡು ನಾನೇ ಸಡಿಲ ಮಾಡಿದ್ದು. ಪ್ರತಿ ಸಲಾನೂ ನಾನೇ. ನೀನು ಬರೋ ಹೊತ್ಗೆ ಮತ್ತೆ ಬಿಗಿ ಮಾಡಿ ಇಡ್ತಿದ್ದೆ. ಇವತ್ತು ಎದ್ದಾಗ್ನಿಂದ ಚಂದ್ರು ಗಾಡಿ ಬಿಟ್ಟು ಅಲ್ಲಾಡ್ಲಿಲ್ಲ, ಬಿಗಿ ಮಾಡೋಕಾಗ್ಲಿಲ್ಲ. ನಟ್ ಸಡಿಲ ಆಗಿ ಡೀಸೆಲ್ ಪೈಪ್ ಒಳ್ಗೆ ಗಾಳಿ ಹೊಕ್ಕೊಂಡ್ರೆ ಗಾಡಿ ಸ್ಟಾರ್ಟ್ ಆಗಲ್ಲ, ಅವರೇ ಹೇಳ್ಕೊಟ್ಟಿದ್ದು ನಂಗೆ. ಇರೋನು ಒಬ್ನೇ ಮಗ ಕಣೋ! ಅಂಗಳದಲ್ಲಿ ನಿಂತಿರೋ ಗಾಡಿ ಯಾರ್ನ ಕೊಲ್ಲುತ್ತೆ ಹೇಳು? ಹಾಳಾಗೋಗ್ಲಿ, ತುಕ್ಕು ಹಿಡೀಲಿ. ಮಗ ಎದುರಿಗೆ ಇದ್ರೆ ಸಾಕು ನಂಗೆ.

ಆದ್ರೆ ಆ ಸದ್ದು ಸುಳ್ಳಲ್ಲ ಬೆಟ್ಟಸ್ವಾಮಿ. ಮಗನ ಮೇಲಾಣೆ. ಗಾಡಿ ನಿಲ್ಸೋಳು ನಾನು. ಪಂಪ್ ಒತ್ತೋರು ಅವರು.

ಯಾಕ್ ತಲೆ ಆಡಿಸ್ತೀಯಾ?

ಏನು?... ಇವತ್ತು ಸ್ಟಾರ್ಟ್ ಆಗುತ್ತಾ? ಹೆಂಗಾಗುತ್ತೆ! ಇಷ್ಟು ದಿನ ಆಗ್ಲಿಲ್ವಲ್ಲ! ಜಾಸ್ತಿ ಬಿಚ್ಚಿದ್ರೆ ಮಾತ್ರ ಆಗಲ್ಲ ಅಂತೀಯಾ... ಹೌದು, ರಾತ್ರಿ ಕಮ್ಮಿ ತಿರುಗಿಸಿದ್ದು. ಒಳ್ಗೆ ಚಂದ್ರು ಕೆಮ್ಮಿದಂಗಾಯ್ತು, ಕೈ ತೆಗೆದ್ಬುಟ್ಟೆ. ಕಮ್ಮಿ ಆದ್ರೆ? ಹೋಗುತ್ತಾ? ಎಲ್ಲೀಗಂಟ ಹೋಗುತ್ತೆ?

ಹೈವೇಗಂಟ?

ಹೈವೇಲಿ ಹೋಗ್ತಾ ಹೋಗ್ತಾ... ನಡು ರಸ್ತೇಲಿ ನಿಂತೋಗುತ್ತಾ?

ಬೆಟ್ಟಸ್ವಾಮಿ. ಕುಣಿಗಲ್‌ನಿಂದ ಈ ಗಾಡಿ ಎಳ್ಕೊಂಡ್ ಬಂದೋನು ನೀನೇ ಅಲ್ವಾ. ಅವತ್ತು ಬಾನೆಟ್ ಒಳ್ಗೆ ನೋಡಿದೋನೂ ನೀನೇ. ಫಿಲ್ಟರ್ ಕಟ್ಕೊಂಡಿತ್ತು ಅಂತ ಎಲ್ರ ಮುಂದೆ ಹೇಳ್ದೆ. ಫಿಲ್ಟರ್ರೇ ತಾನೆ? ಹಳೇ ಗಾಡಿ, ಏನೇನೋ ಕೈಕೊಡುತ್ತೆ, ಅಲ್ವಾ? ಈ ನಟ್ಟು ಅವತ್ತು ಸರಿಯಾಗೇ ಇತ್ತು ತಾನೆ?

ತಲೆ ಎತ್ತು. ನನ್ ಮುಖ ನೋಡಿ ಹೇಳು.

ಬೆಟ್ಟಸ್ವಾಮಿ...

ಅವತ್ತು ಅವರ ಮೈ ಕೆಂಡದಂಗೆ ಸುಡ್ತಿತ್ತು ಕಣೋ. ಹೋಗ್ಬೇಡಿ ಅಂದೆ, ಕಾಲಿಗ್ ಬೀಳ್ತೀನಿ ಅಂದೆ, ಕೇಳ್ಲಿಲ್ಲ. ಒಂದಿನ ಮನೇಲಿ ಮಲಗ್ಲಿ ಅಂತ... ಒಂಚೂರು. ಒಂಚೂರೇ ತಿರುಗಿಸಿದ್ದು. ಆದ್ರೂ ಸ್ಟಾರ್ಟ್ ಆಗೋಯ್ತು! ಸದ್ಯ, ನಾನ್ ಮಾಡಿದ್ದು ಏನೂ ಆಗ್ಲಿಲ್ಲ ಬುಡು ಅನ್ಕೊಂಡೆ. ಗೇಟ್ ಹತ್ರ ನಿಂತು ಕೈ ಬೀಸಿ ಕಳಿಸ್ದೆ ಕಣೋ ನಾನು...

ನಿಂಗೊತ್ತಿತ್ತು. ಅವತ್ತಿಂದಾನೂ ಗೊತ್ತಿತ್ತು. ಅದಕ್ಕೇ ಈ ಗೆರೆ ಎಳೆದ್ಯಾ?

ಬಯ್ಯೋ. ಒಂದ್ ಮಾತು ಬಯ್ಯೋ.

ಬಚ್ಚಲಲ್ಲಿ ನೀರಿನ ಸದ್ದು ನಿಂತೋಯ್ತು. ಬರ್ತಾವ್ನೆ. ತಗೋ, ಸ್ಪ್ಯಾನರ್ ತಗೋ, ಬಿಗಿ ಮಾಡು. ಬೇಗ ಮಾಡಪ್ಪ, ನಿನ್ ದಮ್ಮಯ್ಯ. ಇನ್ನೂ ಬಿಗಿ. ಇನ್ನೊಂಚೂರು...

ಹ್ಞಾಂ, ಬಂದೆ ಕಂದ! ಇಲ್ಲ, ಏನಿಲ್ಲ ಮಗ, ಬಚ್ಚಲೊಲೆ ಹೊಗೆ ಕಣ್ಣಿಗೆ ಹೋಯ್ತು. ಗಾಡಿಗೇನೂ ಆಗಿಲ್ವಂತೆ ಕಣೋ. ನೀನು ಹೊರಡು.