ಗೂಡಿಗೆ ಯಾವ ಬಣ್ಣ

"ಹಲೋ… ಹಾಂ, ಯಾರು ಮಾತಾಡ್ತಿರೋದು? … ಅಮ್ಮ ಇಲ್ಲಿಲ್ಲ, ಹಿತ್ತಲಲ್ಲಿ ಬಟ್ಟೆ ಒಗೀತಿದಾರೆ. ಕರೀಲಾ? … ಬೇಡ್ವಾ? ಮತ್ತೆ ಯಾರ ಹತ್ರ ಮಾತಾಡ್ಬೇಕಿತ್ತು? … ನನ್ನ ಹತ್ರಾನಾ?"

ಮೊಬೈಲು ಅಮ್ಮನದು. ಅದಕ್ಕೆ ಅವಳನ್ನು ಕೇಳಿಕೊಂಡು ಯಾವ ಕರೆಯೂ ಬಂದದ್ದಿಲ್ಲ. ಹೊಲಿಗೆ ಅಂಗಡಿಯಿಂದ ಬಂದ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಾಕಿಕೊಡುವುದು ಅವಳ ಕೆಲಸ. ಮಡಿಲಲ್ಲಿದ್ದ ಅಂಗಿಯ ಕಾಲರಿಗೆ ಸೂಜಿ ಚುಚ್ಚಿ, ಅದನ್ನು ಮಡಿಸಿಟ್ಟವುಗಳ ಮೇಲಿಟ್ಟು, ಎದ್ದು ನಿಂತಳು. ಯಾಕೆ ನಿಂತಳೋ ಅವಳಿಗೇ ತಿಳಿಯಲಿಲ್ಲ.

"ಓ… ನೀವಾ. … ಇಲ್ಲ ಇಲ್ಲ, ಗೊತ್ತಾಯ್ತು. ಫೋನಲ್ಲಿ ದನಿ ಬೇರೆ ಥರ ಇದೆ. … ಹಾಂ, ಊಟ ಆಯ್ತು. ನಿಮ್ದು?"

ವೆಲ್ಡಿಂಗ್ ಅಂಗಡಿಯವನು. ಬರುವ ತಿಂಗಳು ಅವಳನ್ನು ಮದುವೆಯಾಗುವವನು. ತಾಯಿಯ ಜೊತೆ ಒಂದೇ ಒಂದು ಸಲ ಮನೆಗೆ ಬಂದಿದ್ದ. ನಡುಮನೆಯ ಕುರ್ಚಿಯಲ್ಲಿ ಕೂತು ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಕೆಮ್ಮಿದ್ದ. ಅವತ್ತು ಅವರು ಕೇಳಿದ್ದಕ್ಕೆಲ್ಲ ಅವಳು ಕೋಲೆ ಬಸವನ ಹಾಗೆ ತಲೆಯಾಡಿಸಿದ್ದಳೇ ಹೊರತು ತುಟಿ ಬಿಚ್ಚಿರಲಿಲ್ಲ.

"… ಹಲೋ? ಇದೀನಿ, ಇದೀನಿ. ಇಟ್ಟಿಲ್ಲ. ಕೇಳಿಸ್ತಿದೆ, ತಲೆ ಆಡಿಸ್ತಿದ್ದೆ. … ಅಯ್ಯೋ, ಹೌದಲ್ವಾ, ನಿಮಗೆ ಹೇಗೆ ಕಾಣ್ಬೇಕು! … ಹೂಂ. ಬಾಯಲ್ಲೇ ಹೇಳ್ತೀನಿ. ಹೇಳಿ."

"… ಏನು ಮಾಡಿದೀರಿ? … ಗೂಡಾ? ಯಾತಕ್ಕೆ? … ಸಾಹೇಬಂಗಾ!"

ಸಾಹೇಬ ಅಂದರೆ ಅವಳ ಮೊಲ, ಮದುವೆಯ ನಂತರ ಅವಳ ಜೊತೆಗೇ ಹೋಗುವುದು. ಬೂದಿ ಬಣ್ಣದ್ದು, ಒಂದು ಕಿವಿ ಸದಾ ಜೋಲು. ದಿನಾ ಬೆಳಿಗ್ಗೆ ಕೋಣೆ ಕೋಣೆ ಸುತ್ತಿ, ಮಂಚದ ಕಾಲು, ಬೀರುವಿನ ಅಂಚು, ಅಕ್ಕಿ ಡಬ್ಬ ಎಲ್ಲವನ್ನೂ ಮೂಸಿ, ಗದ್ದ ಉಜ್ಜಿ ಮೊಹರು ಒತ್ತಿಕೊಂಡು ಹೋಗುತ್ತದೆಂದು ಅಮ್ಮ ಇಟ್ಟ ಹೆಸರು ಅದು. ಈಗ ಬಾಗಿಲ ಹೊಸ್ತಿಲ ಮೇಲೆ ಕೂತು, ತನ್ನ ಹೆಸರು ಕೇಳಿ, ನೆಟ್ಟಗಿದ್ದ ಕಿವಿಯನ್ನು ಅವಳ ಕಡೆ ತಿರುಗಿಸಿತು.

"… ಎರಡಂತಸ್ತಾ? … ಮೇಲೆ ಮಲಗೋಕೆ, ಕೆಳಗೆ ತಿನ್ನೋಕೆ. … ಏಣಿ ಬೇರೆ ಇದೆಯಾ? … ಹಾಂ… ಚೌಕದ ಪೈಪು, ಸಣ್ಣ ಜಾಲರಿ… ಮೂಲೆಯೆಲ್ಲ ಉಜ್ಜಿದೀರಾ? ಒಂದೂ ಚೂಪಿಲ್ವಾ? … ಕೈಯಾಡಿಸಿ ನೋಡಿದ್ರಾ. … ಗಿರಾಕಿಗಳ ಕೆಲಸ ಬಿಟ್ಟಾ? … ಸದ್ಯ. ಅಂಗಡಿ ಮುಚ್ಚಿದ ಮೇಲಾ. ದಿನಾನಾ? … ಅಷ್ಟೊಂದು ಯಾಕೆ ಕಷ್ಟಪಡೋಕೆ ಹೋದ್ರಿ."

"… ಬಣ್ಣನಾ? ನಂಗಾ? … ಯಾವ್ದಾದ್ರೂ…"

ನೀಲಿ ಎಂದರೆ ಮುಗಿಯುತ್ತಿತ್ತು. ನೀಲಿ ಎಂದು ಹೇಳಿ, ಫೋನಿಟ್ಟು, ಮತ್ತೆ ಗುಂಡಿ ಹಾಕುತ್ತ ಕೂರಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದೂ ನಿಜ. ಅಷ್ಟರಲ್ಲಿ ಸಾಹೇಬ ಹೊಸ್ತಿಲು ಬಿಟ್ಟು, ಮಡಿಸಿಟ್ಟ ಅಂಗಿಗಳ ಕಡೆ ಹೊರಟಿತು. ಅಲ್ಲಿ ಸೂಜಿ ಇತ್ತು. ಅವಳು ಹಾರಿ ಹೋಗಿ ಆ ಅಂಗಿಯನ್ನು ಬೀರುವಿನ ಮೇಲಕ್ಕೆಸೆದಳು.

"… ಏನಿಲ್ಲ, ಅವನು ಅಂಗಿ ಹತ್ರ ಬಂದ. … ಸಾಹೇಬ. … ಇಲ್ಲೇ, ಓಡಾಡ್ತಿದಾನೆ. … ಅದೂ… ಬಣ್ಣ ಈಗಲೇ ಹಚ್ಬೇಡಿ. … ಬರೀ ಪ್ರೈಮರ್ ಆಗಿದೆಯಾ? ಅಷ್ಟೇ ಇರ್ಲಿ. … ಅಯ್ಯೋ, ಚೆನ್ನಾಗಿಲ್ಲ ಅಂತ ನಾನೆಲ್ಲಿ ಹೇಳ್ದೆ. ನೋಡೇ ಇಲ್ಲ. … ಹಾಗಲ್ಲ. … ಹಾಗಲ್ಲ ರೀ, ಸ್ವಲ್ಪ ತಾಳಿ, ನಂಗೆ ಮಾತು ಜೋಡಿಸ್ಕೊಳ್ಳೋಕೆ ಟೈಮ್ ಬೇಕು."

'ರೀ' ಎಂದುಬಿಟ್ಟಿದ್ದಳು. ಮುಖ ಬಿಸಿಯಾಯಿತು. ನಡುಮನೆಯಿಂದ ಅಡುಗೆಮನೆಗೆ ಹೋದಳು, ಅಲ್ಲಿಂದ ತಿರುಗಿ ಬಂದಳು. ಅವಳ ಹಿಂದೆಯೇ ಸಾಹೇಬನೂ ಹೋಗಿ ಬಂತು.

"… ಅವನು ಗೂಡಲ್ಲಿರಲ್ಲ. … ಯಾವತ್ತೂ ಇಲ್ಲ. ನಮ್ಮನೇಲಿ ಗೂಡೇ ಇಲ್ಲ. … ಹೌದು, ಅವತ್ತು ನೀವು ಕೇಳಿದ್ರಿ. … ಹೌದು. ತಲೆ ಆಡಿಸ್ದೆ. … ಅವನು ಮಂಚದ ಕೆಳಗಿದ್ದ, ಹೊಸಬರು ಬಂದ್ರೆ ಹೋಗಿ ಸೇರ್ಕೊಳ್ತಾನೆ. ನೀವು 'ಮೊಲ ಇದೆಯಂತೆ, ಗೂಡಲ್ಲಿಟ್ಟಿದೀರಾ' ಅಂತ ಅಷ್ಟು ಖುಷಿಯಾಗಿ ಕೇಳಿದ್ರಿ. ಎಲ್ರೂ ನನ್ನೇ ನೋಡ್ತಿದ್ರು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

"… ಹಲೋ?"

"… ಹಾಂ. ಕೇಳಿ, ಏನು ಬೇಕಾದ್ರೂ ಕೇಳಿ. … ಅದಕ್ಕಾ? ಬಚ್ಚಲ ಪಕ್ಕ ಒಂದು ಪ್ಲಾಸ್ಟಿಕ್ ಟಬ್ಬಿಟ್ಟಿದೀನಿ, ಹುಲ್ಲು ಹಾಕಿ. ಅಲ್ಲೇ ಹೋಗ್ತಾನೆ. … ನಿಜವಾಗ್ಲೂ! … ಮೊದಲು ಮನೆ ತುಂಬ ಹಿಕ್ಕೆ ಹಾಕ್ತಿದ್ದ, ಕಾಳುಮೆಣಸು ಚೆಲ್ಲಿದ ಹಾಗೆ. ಪೊರಕೆ ಹಿಡ್ಕೊಂಡು ಅಮ್ಮ ಅವನ ಹಿಂದೆ, ನಾನು ಅಮ್ಮನ ಹಿಂದೆ. … ನಗಬೇಡಿ. … ಹೂಂ, ನಗಿ, ಪರವಾಗಿಲ್ಲ."

"… ವೈರು ಕಡೀತಾನೆ. ಸುಳ್ಳು ಹೇಳಲ್ಲ. ಟೇಬಲ್ ಫ್ಯಾನಿಂದು ಕತ್ತರಿಸಿ ಎರಡು ಮಾಡಿದ್ದ. … ಪುಣ್ಯಕ್ಕೆ ಸ್ವಿಚ್ ಹಾಕಿರ್ಲಿಲ್ಲ. ಆಮೇಲೆ ಎಲ್ಲಾ ವೈರೂ ಗೋಡೆ ಮೇಲಕ್ಕೆ ಹತ್ತಿಸಿದ್ವಿ. … ನೀವಾ? ಪೈಪೊಳಗೆ ಎಳೀತೀರಾ? … ಅಷ್ಟು ಸುಲಭನಾ? ಹಾಗಾದ್ರೆ ಮತ್ತೇನು…"

"… ಓ. ನಿಮ್ಮಮ್ಮ."

ಅವಳು ಮಂಚದ ಅಂಚಿನಲ್ಲಿ ಕೂತಳು.

"… ಅವರ ಕಣ್ಣು ಅಷ್ಟು ಮಂಜಾ? ನಂಗೆ ಯಾರೂ ಹೇಳ್ಲಿಲ್ಲ. … ಅಲ್ಲ, ಅವತ್ತು ನನ್ನ ಕಡೆ ತಿರುಗಿ 'ಲಕ್ಷಣವಾಗಿದಾಳೆ' ಅಂದ್ರಲ್ಲ! … ನೀವು ಕಿವೀಲಿ ಹೇಳ್ಕೊಟ್ರಾ? … ನೀವೂ ಕಡಿಮೆಯೋರಲ್ಲ ಬಿಡಿ. ನಾನು ಗೂಡಿನ ವಿಷಯ ಮುಚ್ಚಿಟ್ಟೆ, ನೀವು ಕಣ್ಣಿಂದು. … ಏನಂತ ಹೇಳಿದ್ರಿ ಅವರಿಗೆ? … ಹೇಳಿ. … ಬೆರಳ ತುದಿ ತುಂಬ ಸೂಜಿ ಚುಚ್ಚಿದ ಗುರುತಿದೆ ಅಂತಾನಾ? ಅದನ್ನೇನು ಹೇಳೋದು! … ಅವರು ಏನಂದ್ರು? … ಹೂಂ… ದುಡಿಯೋ ಕೈ ಅಂತ."

ತನ್ನ ಬೆರಳುಗಳನ್ನು ಅವಳು ಮುಂದೆ ಚಾಚಿ ನೋಡಿಕೊಂಡಳು. ಅವನ ಕೈ ಮೇಲೆ ಕಿಡಿ ಸಿಡಿದ ಕಲೆಗಳಿದ್ದದ್ದು ನೆನಪಾಯಿತು. ಅವತ್ತು ಅವಳು ನೋಡಿದ್ದೇ ಅಷ್ಟು. ಮುಖ ನೋಡುವಷ್ಟು ತಲೆಯೆತ್ತಿರಲಿಲ್ಲ.

"… ಸಾಹೇಬ ಅವರ ಕಾಲಿಗೆ ಸಿಕ್ಕಿದ್ರೆ ಬಿದ್ದುಬಿಡ್ತಾರೆ ಅಂತಾನಾ. … ಅದು ಸರೀನೇ. ಈ ವಯಸ್ಸಲ್ಲಿ ಬಿದ್ರೆ… ಹಾಂ. ಅದು ದೊಡ್ಡ ಮಾತು. … ಒಂದ್ನಿಮಿಷ ಇರಿ. ಇಡ್ಬೇಡಿ. … ಕಣ್ಣು ಮುಚ್ಕೊಂಡಿದೀನಿ. … ನಾನು. ಇಲ್ಲಿ. ನಡೆದು ನೋಡ್ತೀನಿ."

ಒಂದು ಕೈ ಮುಂದೆ ಚಾಚಿ, ಪಾದ ಎತ್ತದೆ ಸರಿಸುತ್ತ, ಮಂಚದಿಂದ ಅಡುಗೆಮನೆಯ ಕಡೆ ಹೊರಟಳು. ತಾನು ಹುಟ್ಟಿ ಬೆಳೆದ ಮನೆಯೇ ಕಣ್ಣು ಮುಚ್ಚಿದರೆ ಹೊಸದಾಗಿತ್ತು. ಬೀರುವಿನ ಅಂಚು ಅಂದುಕೊಂಡದ್ದಕ್ಕಿಂತ ಮುಂಚೆಯೇ ಸಿಕ್ಕಿತು. ಸಾಹೇಬ ದೂರ ಸರಿಯುತ್ತದೆ, ಸರಿದೇ ಸರಿಯುತ್ತದೆ ಎಂದುಕೊಳ್ಳುತ್ತಲೇ ನಡೆದಳು. ಆದರೆ ಅದಕ್ಕೆ ಇದು ಆಟ. ಪಾದದ ಸುತ್ತ ಗಿರಗಿರನೆ ಒಂದು ಸುತ್ತು ಹಾಕಿತು. ಅವಳು ಮುಗ್ಗರಿಸಿ ಗೋಡೆ ಹಿಡಿದುಕೊಂಡಳು.

"… ಇಲ್ಲ ಇಲ್ಲ, ಬೀಳ್ಲಿಲ್ಲ. ಗೋಡೆ ಸಿಕ್ತು. … ಹೌದು. ನೀವು ಹೇಳಿದ್ದೇ ನಿಜ. ಕಾಲಿಗೇ ಬರ್ತಾನೆ."

ಸುಮ್ಮನಿದ್ದರೆ ಅವನು, ಹಾಗಾದರೆ ಸಾಹೇಬ ಗೂಡಲ್ಲೇ ಇರಲಿ, ಎನ್ನುತ್ತಾನೆಂದು ಅವಳಿಗೆ ಗೊತ್ತಿತ್ತು. ಹೇಳಿದ ಮೇಲೆ ಅದಕ್ಕೆ ತಾನು ಎಲ್ಲಿ ತಲೆಯಾಡಿಸಿಬಿಡುತ್ತೇನೋ ಎಂಬ ಹೆದರಿಕೆಯೂ ಇತ್ತು. ಮತ್ತೆ ನಡುಮನೆಗೆ, ಮತ್ತೆ ಅಡುಗೆಮನೆಗೆ. ಹಿತ್ತಲಲ್ಲಿ ಅಮ್ಮ ಕಲ್ಲಿಗೆ ಬಟ್ಟೆ ಬಡಿಯುವ ಸದ್ದು.

"… ಹೇಳ್ಬೇಡಿ. ಮೊದಲು ನಾನು ಕೇಳ್ತೀನಿ. ನಿಮ್ಮಮ್ಮ ಮನೇಲಿ ಎಲ್ಲೆಲ್ಲಿ ಓಡಾಡ್ತಾರೆ? … ಅವರ ಕೋಣೆ, ಅಡುಗೆಮನೆ, ಬಚ್ಚಲು. … ಅಂಗಡಿಗೆ ಇಳಿಯೋ ಮೆಟ್ಟಿಲು, ಹಾಂ. … ಹಿಂದೆ ಒಂದು ಕೋಣೆ ಇದೆಯಾ? … ಅಲ್ಲಿಗೆ ಹೋಗಲ್ವಾ? … ನಮಗೆ ಅಂತ ಇಟ್ಟಿರೋದಾ. … ಅದರ ಮುಂದೆ ಪಡಸಾಲೆನಾ? … ಅಲ್ಲಿಗೂ ಹೋಗಲ್ವಾ? … ಹಾಗಾದ್ರೆ ಅವೆರಡೂ ಅವನಿಗೆ ಸಾಕು. … ಮನೆಯೆಲ್ಲ ಬೇಡ. ಓಡೋಕೆ ಒಂದು ನೇರ ಜಾಗ ಬೇಕು, ಮನುಷ್ಯರ ಕಾಲು ಕಾಣ್ಬೇಕು, ಅಷ್ಟೇ. ಪಡಸಾಲೆಗೆ ಒಂದು ಗೇಟು ಹಾಕಿ. ಕಿಡಿ ಹಾರೋ ಕಡೆ ಹೋಗ್ಬಾರ್ದು, ಮೆಟ್ಟಿಲಿಗೂ ಒಂದು ಹಾಕಿ. … ಸೊಂಟದೆತ್ತರ. ಗಿಡ್ಡ ಬೇಡ, ನಿಮ್ಮಮ್ಮನ ಕಾಲಿಗೆ ಅದೇ ತೊಡರುತ್ತೆ. ಕೈಗೆ ಸಿಗ್ಬೇಕು. … ಕಬ್ಬಿಣ ಎಲ್ಲಿಂದ ಅಂದ್ರೆ…"

ಅವಳು ಉಸಿರೆಳೆದುಕೊಂಡಳು.

"… ಆ ಗೂಡಿದೆಯಲ್ಲ, ಅದನ್ನ ಕುಯ್ದುಬಿಡಿ."

"… ಹಲೋ? … ಗೊತ್ತು. ರಾತ್ರಿಯೆಲ್ಲ ಕೂತು ಮಾಡಿದೀರಿ, ಗೊತ್ತು. … ಏಣಿ ಕುಯ್ಬೇಡಿ. ಏಣಿ ಇರ್ಲಿ, ಮಂಚಕ್ಕೆ ಹತ್ತೋಕೆ ಅವನಿಗೆ ಬೇಕಾಗುತ್ತೆ. … ಮುನಿಸ್ಕೊಂಡ್ರಾ? … ಮತ್ತೆ ಯಾಕೆ ಸುಮ್ನಾದ್ರಿ? … ಅಳತೆ ಹಾಕ್ತಿದೀರಾ! ಈಗ್ಲೇನಾ? … ಒಂದು ಪಕ್ಕದ ಜಾಲರಿ ಪಡಸಾಲೆಗೆ ಸರಿಹೋಗುತ್ತಾ. … ಹಾಂ. … ಹಾಂ. ಕೀಲು ಅದೇ ಆಗುತ್ತಾ. ಸರಿ."

ಸಾಹೇಬ ನೆಲದ ಮೇಲೆ ದೊಪ್ಪನೆ ಮಗ್ಗುಲಾಗಿ ಬಿದ್ದು, ಹಿಂಗಾಲು ಚಾಚಿ, ಯಾವ ಚಿಂತೆಯೂ ಇಲ್ಲದವರ ಹಾಗೆ ಮಲಗಿತು. ಅವಳಿಗೂ ಹಾಗೆ ಮಲಗಿಬಿಡಬೇಕೆನಿಸಿತು.

"… ಇನ್ನೇನಕ್ಕೆಲ್ಲ ಸುಮ್ನೆ ತಲೆ ಆಡಿಸ್ದೆ ಅಂತಾನಾ? … ನನ್ನ ಚಹಾಕ್ಕೆ ಸಕ್ಕರೆ ಸಾಕಾ ಅಂದ್ರಲ್ಲ, ಅದಕ್ಕೆ. ಸಾಕಾಗಿರ್ಲಿಲ್ಲ. … ಅಂಗಡಿ ಸದ್ದು ತೊಂದರೆ ಆಗಲ್ವಾ ಅಂದ್ರಿ, ಅದಕ್ಕೂ. ಸದ್ದಿಗೆ ನಂಗೆ ತಲೆನೋವು ಬರುತ್ತೆ. … ಕಿಟಕಿ ಮುಚ್ಕೊಳ್ತೀನಿ ಬಿಡಿ. … ಇನ್ನಾ? ಹನ್ನೆರಡು ಜನಕ್ಕೆ ಅಡುಗೆ ಮಾಡ್ತೀಯಾ ಅಂದಿದ್ದಕ್ಕೂ. ನಂಗೆ ನಾಲ್ಕು ಜನಕ್ಕೇ ಉಪ್ಪು ಹೆಚ್ಚುಕಮ್ಮಿ ಆಗುತ್ತೆ."

ಅವಳು ನಗುತ್ತಿದ್ದಳು. ಆ ಕಡೆಯ ನಗು ನಿಂತದ್ದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"… ಏನು? … ಅದಕ್ಕಾ."

"… ಅದೂ…"

ಅವತ್ತು ಕೊನೆಗೆ ಅವನ ತಾಯಿ ಕೇಳಿದ್ದರು, ಹುಡುಗ ಒಪ್ಪಿಗೆನಾ ಮಗಳೇ, ಎಂದು. ಅವಳು ನೆಲ ನೋಡುತ್ತ, ಹಿಂದಿನ ಎಲ್ಲದಕ್ಕೂ ಆಡಿಸಿದ ಹಾಗೆಯೇ ತಲೆಯಾಡಿಸಿದ್ದಳು. ಈಗ ಅವನು ಕೇಳುತ್ತಿರುವುದು ಅದೊಂದನ್ನೇ. ಇಲ್ಲ, ಅದು ಮಾತ್ರ ನಿಜ, ಎಂದರೆ ಅವನು ನಂಬುತ್ತಿದ್ದ. ಅವಳು ಬಾಗಿಲ ಚಿಲಕವನ್ನು ಹಾಕಿ ತೆಗೆದಳು, ಹಾಕಿ ತೆಗೆದಳು.

"… ಅದಕ್ಕೂ ಹಾಗೇ ಆಡಿಸಿದ್ದು. ಭಯಕ್ಕೆ. … ಕೇಳಿ ಇಲ್ಲಿ. … ಇಡ್ಬೇಡಿ, ದಮ್ಮಯ್ಯ, ಇಡ್ಬೇಡಿ. … ನಿಮ್ಮ ಮುಖಾನೇ ನೋಡಿರ್ಲಿಲ್ಲ ನಾನು. ಏನಂತ ಹೇಳ್ಲಿ ಆಗ? … ಏನು ಸದ್ದದು? ಕಬ್ಬಿಣ ಉಜ್ಜೋ ಗ್ರೈಂಡರಾ? ಒಳಗೆ ಯಾರದು ಹಾಕಿದ್ದು? … ಕೇಳಿಸ್ತಿಲ್ಲ! … ಅವತ್ತಿನ ಮಾತು ಹೇಳಿದ್ದು ನಾನು. ಅವತ್ತಿಂದು! … ಇವತ್ತು ಬೇರೆ. … ಇವತ್ತು ಕೇಳಿ. … ಹಾಂ, ನೀವೇ ಕೇಳಿ."

ಕಬ್ಬಿಣದ ಕಿರುಚಾಟದ ನಡುವೆ ಅವನು ಕೇಳಿದ. ಅರ್ಧ ಮಾತಷ್ಟೇ ಅವಳ ಕಿವಿಗೆ ಬಿತ್ತು, ಅಷ್ಟು ಸಾಕಾಗಿತ್ತು. ಅವಳ ತಲೆ ತಾನಾಗಿ ಆಡಿತು. ಇನ್ನೊಮ್ಮೆ ಆಡಿತು. ಆಮೇಲೆ ಬಾಯಿ ತೆರೆದಳು.

"ಹೂಂ. … ಹೂಂ ಅಂದೆ. … ಒಪ್ಪಿಗೆ ಅಂದೆ. … ಕೇಳಿಸ್ಲಿಲ್ವಾ? … ಒಪ್ಪಿಗೆ! … ರೀ, ನಂಗೆ ನೀವು ಒಪ್ಪಿಗೇ!"

ಸಾಹೇಬ ಹಿಂಗಾಲಿನಿಂದ ನೆಲಕ್ಕೆ ಧಡ್ ಎಂದು ಬಡಿದು ಮಂಚದ ಕೆಳಗೆ ನುಗ್ಗಿತು. ಹಿತ್ತಲ ಬಾಗಿಲಲ್ಲಿ ಅಮ್ಮ, ಕೈಯಲ್ಲಿ ನೀರು ಸೋರುವ ಹೊದಿಕೆ.

"ಯಾರ ಮೇಲೇ ಕಿರುಚ್ತಿದೀಯ? ಈ ಮನೇಲಿ ನಿನ್ನ ದನಿ ಕೇಳಿ ಎಷ್ಟು ವರ್ಷ ಆಯ್ತು!"

"ಅಮ್ಮ, ಒಂದ್ನಿಮಿಷ… ಹಲೋ? ಗ್ರೈಂಡರ್ ನಿಂತ್ಹೋಯ್ತಲ್ಲ. … ಈಗ ಕೇಳಿಸ್ತಾ? … ಎಲ್ರಿಗೂ ಅಂದ್ರೆ? … ಸ್ಪೀಕರಿಗೆ ಹಾಕಿದ್ರಾ? ಯಾವಾಗ? … ಅಯ್ಯಯ್ಯೋ, ನಾನೆಲ್ಲಿ ಮುಖ ಇಟ್ಕೊಳ್ಲಿ! … ಯಾರು? … ನಿಮ್ಮಮ್ಮ ಅಲ್ಲೇ ಇದಾರಾ? … ಬೇಡ, ಬೇಡ, ಕೊಡ್ಬೇಡಿ…"

"… ಹಾಂ, ನಾನೇ ಅಮ್ಮ. … ಚೆನ್ನಾಗಿದೀನಿ. … ಹೌದಮ್ಮ, ಈಗ ಕೂಗಿದ್ದು ನಾನೇ. … ಇಲ್ಲ, ಅವತ್ತು ನಾನು ತಲೆ ಆಡಿಸಿದ್ನಲ್ಲ. … ನಿಮಗೆ ಕಾಣ್ಲೇ ಇಲ್ವಾ? … ಓ. … ಇಷ್ಟು ದಿನ, ಹುಡುಗಿ ಏನೂ ಅನ್ಲಿಲ್ವಲ್ಲ ಅಂತ… ಅದಕ್ಕೆ ನಿದ್ದೆ ಬಂದಿಲ್ವಾ ನಿಮಗೆ? … ಅಯ್ಯೋ ಅಮ್ಮ. … ಇನ್ನೊಂದ್ಸಲ ಹೇಳ್ಲಾ? … ಹೂಂ, ಮೆಲ್ಲಗೆ. ನಿಮಗೊಬ್ರಿಗೇ. … ಒಪ್ಪಿ—"

"… ಹಲೋ? … ಅಯ್ಯೋ, ಕಟ್ಟಾಯ್ತು! … ಹಲೋ? …"